ಆ ಮಾಸ್ಟ್ರು ಯಾಕೆ ನೆನಪಿರುತ್ತಾರೆ, ಉಳಿದವರು ಯಾಕೆ ಇಲ್ಲ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಎಯ್ಡೆಡ್ (ಅನುದಾನಿತ) ಕನ್ನಡ ಮಾಧ್ಯಮ ಶಾಲೆಗೆ ಈ ಜೂನ್‌ನಲ್ಲಿ ಟೀಚರ್ ಆಗಿ ಸೇರಿದ್ದೇನೆ. ನನ್ನ ಅಪ್ಪನಿಗೆ ಅರುವತ್ತು ದಾಟಿದೆ. ಇವತ್ತಿಗೂ ನಾಲ್ಕನೇ ಕ್ಲಾಸಿನ ಮಾಸ್ಟ್ರ ಹೆಸರೆತ್ತಿದರೆ ಕೈ ಮುಗಿಯುತ್ತಾರೆ. ಆ ಮಾಸ್ಟ್ರು ಚೆನ್ನಾಗಿ ಹೊಡೆಯುತ್ತಿದ್ದರಂತೆ. ಉಳಿದವರ ಹೆಸರೇ ಅಪ್ಪನಿಗೆ ನೆನಪಿಲ್ಲ. ನನ್ನ ಕ್ಲಾಸಿನಲ್ಲಿ ತುಳು, ಮಲಯಾಳ, ಮರಾಠಿ, ಹವ್ಯಕ ಕನ್ನಡ ಮಾತಾಡುವ ಮಕ್ಕಳೆಲ್ಲ ಇದ್ದಾರೆ. ಒಬ್ಬ ಹುಡುಗನಂತೂ ಶಾಲೆ ಶುರುವಾದಾಗಿನಿಂದ ಬಾಯಿಯೇ ಬಿಟ್ಟಿಲ್ಲ. ಮಕ್ಕಳ ಬದುಕಿನಲ್ಲಿ ಉಳಿಯುವ ಟೀಚರ್ ಆಗುವುದು ಹುಟ್ಟುಗುಣವೋ? ಅಥವಾ ಕಲಿಯಬಹುದೋ?

ಉತ್ತರ: ಟೀಚರ್, ಕಲಿಯಬಹುದು. ಆದರೆ ಏನನ್ನು ಕಲಿಯಬೇಕು ಅನ್ನುವುದರಲ್ಲೇ ನಮಗೆಲ್ಲ ಗೊಂದಲ.

ಪುರುಸೊತ್ತಿರುವ ಒಂದು ಸಂಜೆ ನಿಮ್ಮ ಅಪ್ಪನನ್ನೇ ಕೇಳಿ ನೋಡಿ, ಆ ಮಾಸ್ಟ್ರು ಏನು ಮಾಡಿದರು ಅಂತ. 'ತುಂಬ ಒಳ್ಳೆಯವರು, ತುಂಬ ಶಿಸ್ತು' ಅಂತಾರೆ. ಅಲ್ಲಿಗೇ ಬಿಡಬೇಡಿ. 'ಅದು ಸರಿ ಅಪ್ಪ, ನಿಮಗೆ ಏನು ಮಾಡಿದರು?' ಅಂತ ಮತ್ತೆ ಕೇಳಿ. ಸ್ವಲ್ಪ ಹೊತ್ತು ಯೋಚಿಸಿ ಒಂದು ಸಣ್ಣ ಸಂಗತಿ ಹೇಳುತ್ತಾರೆ. ಬಹುಶಃ ಮನೆಯಲ್ಲಿ ಯಾರಿಗೂ ಅದುವರೆಗೆ ಹೇಳದ ಸಂಗತಿ.

ಈ ಜಿಲ್ಲೆಯಲ್ಲಿ ಅಧ್ಯಾಪಕರ ತರಬೇತಿಯಲ್ಲೇ ನನ್ನ ಕೆಲಸದ ಕಾಲ ಕಳೆಯಿತು. ತರಬೇತಿಗೆ ಬಂದವರಿಗೆಲ್ಲ ಮೊದಲ ದಿನ ಇದನ್ನೇ ಕೇಳುತ್ತಿದ್ದೆ. ಉತ್ತರಗಳು ಹೀಗಿರುತ್ತಿದ್ದವು. ನನ್ನ ಪ್ರಬಂಧವನ್ನು ಪಕ್ಕದ ಡಿವಿಷನ್‌ಗೆ ಹೋಗಿ ಓದಿ ಹೇಳಿದರು. ಲೆಕ್ಕದ ಉತ್ತರ ತಪ್ಪಿದ್ದರೂ 'ದಾರಿ ಸರಿ ಇದೆ' ಅಂತ ಬರೆದರು. ಪುಸ್ತಕದ ಕಪಾಟಿನ ಬೀಗದ ಕೈ ನನ್ನ ಕೈಯಲ್ಲೇ ಇರಲಿ ಅಂದರು. ಯಕ್ಷಗಾನದಲ್ಲಿ ವೇಷ ಮಾಡುತ್ತೇನೆ ಅಂತ ಗೊತ್ತಾಗಿ, ಆಟ ನೋಡಲು ರಾತ್ರಿ ಬಂದು ಎದುರಲ್ಲೇ ಕೂತಿದ್ದರು.

'ಪಾಠ ಬಹಳ ಚೆನ್ನಾಗಿ ಮಾಡುತ್ತಿದ್ದರು' ಅನ್ನುವವರೂ ಇರುತ್ತಿದ್ದರು. ಯಾವ ಪಾಠ ಅಂತ ಕೇಳಿದರೆ ಹೆಚ್ಚಿನವರಿಗೆ ನೆನಪಿಲ್ಲ. 'ನಮ್ಮನ್ನೆಲ್ಲ ತುಂಬ ಪ್ರೀತಿಸುತ್ತಿದ್ದರು' ಅನ್ನುವ ಮಾತೂ ಅಷ್ಟೇ. ಎಲ್ಲರ ಮೇಲೂ ಸಮನಾಗಿ ಸುರಿದ ಪ್ರೀತಿ ಯಾರ ನೆನಪಿನಲ್ಲೂ ಗಟ್ಟಿಯಾಗಿ ಕೂತಿರುವುದಿಲ್ಲ. ಉಳಿಯುವುದು ಬೇರೆ. ತಾನು ಮಾಡಿದ ಒಂದು ಕೆಲಸವನ್ನು ದೊಡ್ಡವರೊಬ್ಬರು ನಿಜವಾಗಿಯೂ ನೋಡಿದರು, ಅದರ ಬಗ್ಗೆ ಯೋಚಿಸಿದರು, ಇನ್ನೂ ಸ್ವಲ್ಪ ಚೆನ್ನಾಗಿ ಮಾಡು ಅಂದರು. ಮಗುವಿಗೆ ಅದು ಅಪರೂಪ. ಮನೆಯಲ್ಲಿ ತಂದೆ ತಾಯಿಗೆ ಅಷ್ಟು ಹೊತ್ತಿರುವುದಿಲ್ಲ.

ಇನ್ನು ಬೆತ್ತದ ವಿಷಯ. ಇದನ್ನು ಬಿಟ್ಟು ಮುಂದೆ ಹೋದರೆ ನಿಮ್ಮ ಅಪ್ಪನ ತಲೆಮಾರಿನವರು ನನ್ನ ಮಾತು ನಂಬುವುದಿಲ್ಲ. 'ಮಾಸ್ಟ್ರು ಹೊಡೆದದ್ದಕ್ಕೇ ನಾವು ಮನುಷ್ಯರಾದದ್ದು' ಅನ್ನುವ ಮಾತು ನಮ್ಮ ಕಡೆ ಎಲ್ಲ ಗುರುವಂದನೆ ಸಭೆಗಳಲ್ಲೂ ಕೇಳಿಸುತ್ತದೆ. ಆ ಸಭೆಗೆ ಬಂದವರು ಯಾರು ಅಂತ ಒಮ್ಮೆ ನೋಡಿ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಗಲ್ಫಿನಿಂದ ರಜೆಗೆ ಬಂದವರು, ಡಾಕ್ಟರು, ವಕೀಲರು. ಅದೇ ಬೆತ್ತಕ್ಕೆ ಹೆದರಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಬೀಡಿ ಕಟ್ಟಲು ಹೋದವನು ಆ ಸಭೆಯಲ್ಲಿ ಇರುವುದಿಲ್ಲ. ಅವನಿಗೆ ಮೈಕ್ ಕೊಡುವವರೂ ಇಲ್ಲ. ಹಾಗಾಗಿ ಬೆತ್ತದ ಬಗ್ಗೆ ನಾವು ಕೇಳುವುದೆಲ್ಲ ಅದನ್ನು ತಡೆದುಕೊಂಡು ಉಳಿದವರ ಮಾತು. ಉಳಿದವರನ್ನು ಮಾತ್ರ ಎಣಿಸಿದರೆ ಯಾವ ಮದ್ದೂ ಒಳ್ಳೆಯ ಮದ್ದೇ.

ಇನ್ನೊಂದು ಗಮನಿಸಿದ್ದೇನೆ. ಹೊಡೆಯುತ್ತಿದ್ದ ಮಾಸ್ಟ್ರುಗಳಲ್ಲಿ ಕೆಲವರು ಮಾತ್ರ ಹೀಗೆ ನೆನಪಿರುತ್ತಾರೆ. ಸುಮ್ನೆ ಹೊಡೆಯುತ್ತಿದ್ದವರೂ ಬೇಕಾದಷ್ಟು ಜನ ಇದ್ದರು, ಅವರ ಹೆಸರು ಯಾರೂ ಹೇಳುವುದಿಲ್ಲ. ನಿಮ್ಮ ಅಪ್ಪನ ಮಾಸ್ಟ್ರು ಬೆತ್ತದ ಜೊತೆಗೆ ಬೇರೇನೋ ಮಾಡಿದ್ದರು. ಸಂಜೆ ನಿಲ್ಲಿಸಿಕೊಂಡು ಕಾಪಿ ಬರೆಸಿರಬಹುದು. ಮನೆಗೆ ಬಂದು 'ಹುಡುಗನನ್ನು ಶಾಲೆ ಬಿಡಿಸಬೇಡಿ' ಅಂತ ಅಜ್ಜನ ಹತ್ತಿರ ಹೇಳಿರಬಹುದು. ಉಳಿದದ್ದು ಅದು. ಬೆತ್ತ ಆ ನೆನಪಿಗೆ ಅಂಟಿಕೊಂಡು ಬಂದಿದೆ, ಅಷ್ಟೇ. ಈಗಂತೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವುದೂ ತಪ್ಪು, ಮನಸ್ಸಿಗೆ ನೋವಾಗುವ ಹಾಗೆ ನಡೆದುಕೊಳ್ಳುವುದೂ ತಪ್ಪು.

ಟೀಚರ ಪರಿಣಾಮ ಎಷ್ಟು ದೂರ ಹೋಗುತ್ತದೆ ಅಂತ ಅಳೆದು ನೋಡಿದವರೂ ಇದ್ದಾರೆ. ರಾಜ್ ಚೆಟ್ಟಿ ಮತ್ತು ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ಹಿಡಿದು ಮಾಡಿದ ಅಧ್ಯಯನ 2014ರಲ್ಲಿ ಬಂತು. ನಾಲ್ಕರಿಂದ ಎಂಟನೇ ತರಗತಿಯಲ್ಲಿ ಒಳ್ಳೆಯ ಟೀಚರ್ ಸಿಕ್ಕಿದ ಮಕ್ಕಳು ಮುಂದೆ ಕಾಲೇಜಿಗೆ ಹೋಗುವುದು ಜಾಸ್ತಿ, ದೊಡ್ಡವರಾದ ಮೇಲೆ ಸಂಬಳವೂ ಜಾಸ್ತಿ ಅಂತ ಅದರಲ್ಲಿ ಕಂಡಿತು. ಆದರೆ ಅವರು ಒಳ್ಳೆಯ ಟೀಚರ್ ಅಂತ ಲೆಕ್ಕ ಹಾಕಿದ್ದು ಮಾರ್ಕು ಏರಿಸಿದವರನ್ನು.

ನನಗೆ ಹೆಚ್ಚು ಹಿಡಿಸಿದ್ದು ಕಿರಾಬೋ ಜಾಕ್ಸನ್ ಎಂಬವರು 2018ರಲ್ಲಿ ಪ್ರಕಟಿಸಿದ ಕೆಲಸ. ಉತ್ತರ ಕೆರೊಲಿನಾ ರಾಜ್ಯದ ಒಂಬತ್ತನೇ ತರಗತಿಯ ಟೀಚರುಗಳನ್ನು ಅವರು ಎರಡು ರೀತಿ ಅಳೆದರು. ಒಂದು, ಪರೀಕ್ಷೆಯ ಮಾರ್ಕು ಎಷ್ಟು ಏರಿಸಿದರು. ಇನ್ನೊಂದು, ಮಕ್ಕಳ ನಡತೆ ಎಷ್ಟು ಬದಲಾಯಿತು: ಗೈರುಹಾಜರಿ ಕಡಿಮೆಯಾಯಿತೇ, ಶಾಲೆಯಿಂದ ಅಮಾನತಾಗುವುದು ನಿಂತಿತೇ, ಫೇಲಾಗದೆ ಮುಂದಿನ ಕ್ಲಾಸಿಗೆ ಹೋದರೇ. ಮಾರ್ಕು ಏರಿಸುವವರು ಮತ್ತು ಇದನ್ನು ಮಾಡುವವರು ಹೆಚ್ಚಾಗಿ ಒಬ್ಬರೇ ಆಗಿರಲಿಲ್ಲ. ಹೈಸ್ಕೂಲು ಮುಗಿಸುವ ಮಕ್ಕಳ ಸಂಖ್ಯೆ ಹೆಚ್ಚಿದ್ದು ಎರಡನೆಯವರಿಂದ. ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನ ಫ್ಲೆಕ್ಸ್‌ನಲ್ಲಿ ಯಾರ ಫೋಟೋ ಬರುತ್ತದೆ ಅಂತ ನಿಮಗೆ ಗೊತ್ತು. ದಿನಾ ಶಾಲೆಗೆ ಬರುವ ಹಾಗೆ ಮಾಡಿದ ಟೀಚರಿಗೆ ಫ್ಲೆಕ್ಸ್ ಇಲ್ಲ.

ತರಬೇತಿಗಳಲ್ಲಿ ಪಿಗ್ಮೇಲಿಯನ್ ಪ್ರಯೋಗದ ಕಥೆಯನ್ನೂ ಹೇಳುತ್ತಾರೆ. 'ಈ ಮಕ್ಕಳು ಮುಂದೆ ಮಿಂಚುತ್ತಾರೆ' ಅಂತ ಟೀಚರುಗಳಿಗೆ ಸುಳ್ಳು ಹೇಳಿದ್ದಕ್ಕೇ ಆ ಮಕ್ಕಳ ಬುದ್ಧಿ ಏರಿತು ಅನ್ನುವ 1968ರ ಪ್ರಯೋಗ ಅದು. ಅದರ ಲೆಕ್ಕಗಳ ಬಗ್ಗೆ ಆಮೇಲೆ ತುಂಬ ತಕರಾರು ಬಂತು. ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ.

ಹಾಗಾದರೆ ಕ್ಲಾಸಿನೊಳಗೆ ಏನು ಮಾಡುವುದು? ನಾನು ಕಣ್ಣಾರೆ ಕಂಡ ಒಂದು ಪೀರಿಯಡ್ ಹೇಳುತ್ತೇನೆ. ಗುಡ್ಡೆಯ ಮೇಲಿನ ಒಂದು ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆ, ಮೂರನೇ ತರಗತಿ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೋರ್ಡಿನಲ್ಲಿ ಲೆಕ್ಕ: ಒಂದು ಸಾಲಿಗೆ 8 ಅಡಿಕೆ ಸಸಿ, ಅಂಥ 3 ಸಾಲು, ಒಟ್ಟು ಎಷ್ಟು? ಟೀಚರ್ ಒಬ್ಬಳು ಹುಡುಗಿಯನ್ನು ಕೇಳಿದರು. ಅವಳು ಹಂಚಿನ ಮಾಡು ನೋಡಿದಳು. ನಾಲ್ಕೈದು ಮಕ್ಕಳು 'ಟೀಚರ್, ಟೀಚರ್' ಅಂತ ಕೈ ಎತ್ತಿ ಬೆಂಚಿನಿಂದ ಎದ್ದೇ ಬಿಟ್ಟರು. ಟೀಚರ್ ಅವರ ಕಡೆ ತಿರುಗಲೂ ಇಲ್ಲ, ಬರೀ ಕೈಸನ್ನೆ ಮಾಡಿ ಕೂರಿಸಿದರು. ಸುಣ್ಣದ ಕಡ್ಡಿ ಹಿಡಿದು ಸುಮ್ನೆ ನಿಂತರು. ಹುಡುಗಿಯ ಕೈ ಬೆಂಚಿನ ಕೆಳಗೆ ಹೋಯಿತು, ಬೆರಳು ಮಡಚತೊಡಗಿತು. ತುಟಿ ಅಲ್ಲಾಡುತ್ತಿತ್ತು: ಎಣ್ಮ, ಪದಿನಾಜಿ... ತುಳುವಿನಲ್ಲಿ ಎಣಿಸುತ್ತಿದ್ದಳು. ಆಮೇಲೆ ಕನ್ನಡದಲ್ಲಿ ಹೇಳಿದಳು, ಇಪ್ಪತ್ತನಾಲ್ಕು. ಟೀಚರ್ 'ಸರಿ' ಅಂತ ಹೇಳಿ ಮುಂದೆ ಹೋಗಲಿಲ್ಲ. 'ಹೇಗೆ ಲೆಕ್ಕ ಹಾಕಿದೆ? ತುಳುವಿನಲ್ಲೇ ಹೇಳು, ಪರವಾಗಿಲ್ಲ' ಅಂದರು. ಹುಡುಗಿ ಎದ್ದು ನಿಂತು ಹೇಳಿದಳು. ಇಡೀ ಕ್ಲಾಸು ಕೇಳಿತು.

ಇದರಲ್ಲಿ ಮಹಾ ಏನಿದೆ ಅನ್ನಿಸಬಹುದು. ಮೇರಿ ಬಡ್ ರೋ ಎಂಬ ಸಂಶೋಧಕಿ ಅಮೆರಿಕದ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ 1970ರ ದಶಕದಲ್ಲಿ ಬರೆದದ್ದನ್ನು ಓದಿದರೆ ಗೊತ್ತಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸರಾಸರಿ 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವ ಮಕ್ಕಳು ಕಡಿಮೆಯಾದರು, ಎಂದೂ ಮಾತಾಡದವರೂ ಬಾಯಿ ತೆರೆದರು. ಅವರದು ಒಂದೇ ಭಾಷೆಯ ಕ್ಲಾಸು ಅಂತ ಇಟ್ಟುಕೊಳ್ಳಿ. ನಮ್ಮ ಮಗು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ತುಳುವಿನಲ್ಲೋ ಮಲಯಾಳದಲ್ಲೋ ಯೋಚಿಸಿ, ಮತ್ತೆ ಕನ್ನಡಕ್ಕೆ ಬರಬೇಕು. ಅದಕ್ಕೆ 3 ಸೆಕೆಂಡ್ ಎಲ್ಲಿಗೆ ಸಾಲುತ್ತದೆ? ಮೊದಮೊದಲು ಕಾಯುವುದು ಕಷ್ಟ, ಟೀಚರ್. ಆ ಮೌನದಲ್ಲಿ ನಮಗೇ ಮುಜುಗರವಾಗುತ್ತದೆ. ಅಭ್ಯಾಸ ಆಗಬೇಕು. ಇದನ್ನೇ ನಾನು ಕಲಿಯಬಹುದು ಅಂದದ್ದು. ಹುಟ್ಟುಗುಣದ ಮಾತೇ ಇಲ್ಲಿ ಬರುವುದಿಲ್ಲ.

ಕಾಪಿ ತಿದ್ದುವುದೂ ಹೀಗೇ. ಪುಸ್ತಕದ ಮೇಲೆ ಕೆಂಪು ಟಿಕ್ ಹಾಕಿ, ತಾರೀಕು ಬರೆದು, ಸಹಿ ಮಾಡಿ ಬಿಟ್ಟರೆ ಇನ್‌ಸ್ಪೆಕ್ಷನ್‌ಗೆ ಸಾಕು, ಮಗುವಿಗೆ ಸಾಲದು. ತಪ್ಪು ತೋರಿಸಿದರೆ ಮಗು ಬೇಜಾರಾಗುತ್ತದೆ ಅಂತ ಈಗ ಎಲ್ಲರಿಗೂ 'ವೆರಿ ಗುಡ್' ಬರೆಯುವ ಚಾಳಿ ಬಂದಿದೆ. ಅದೂ ಬೇಡ. 2014ರಲ್ಲಿ ಡೇವಿಡ್ ಯೇಗರ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗವಿದೆ. ಏಳನೇ ತರಗತಿಯ ಮಕ್ಕಳ ಪ್ರಬಂಧವನ್ನು ಅವರ ಟೀಚರುಗಳೇ ಚೆನ್ನಾಗಿ ತಿದ್ದಿದರು. ಹಿಂದಿರುಗಿಸುವಾಗ ಅರ್ಧ ಮಕ್ಕಳ ಪುಸ್ತಕದಲ್ಲಿ ಒಂದು ಚೀಟಿ ಇತ್ತು. ನಿನ್ನಿಂದ ನನಗೆ ದೊಡ್ಡ ನಿರೀಕ್ಷೆ ಇದೆ, ನೀನು ಅಲ್ಲಿಗೆ ಮುಟ್ಟುತ್ತೀ ಅಂತಲೂ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ, ಅನ್ನುವ ಅರ್ಥದ ಚೀಟಿ. ಉಳಿದವರಿಗೆ ಇದು ತಿದ್ದುಪಡಿ ಅಂತಷ್ಟೇ ಬರೆದ ಚೀಟಿ. ಕಪ್ಪು ಜನಾಂಗದ ಮಕ್ಕಳಲ್ಲಿ ಮತ್ತೆ ಬರೆದು ತಂದವರು ಶೇ. 17ರಿಂದ ಶೇ. 72ಕ್ಕೆ ಏರಿದರು. ಪ್ರಯೋಗದಲ್ಲಿದ್ದ ಮಕ್ಕಳ ಸಂಖ್ಯೆ ಸಣ್ಣದು, ಹಾಗಾಗಿ ಅಂಕಿಗಳನ್ನು ತೀರ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ಆದರೆ ಸಂಗತಿ ನಿಜ ಅನ್ನಿಸುತ್ತದೆ. ಈ ಶಾಲೆ, ಈ ಭಾಷೆ ತನ್ನದಲ್ಲ ಅನ್ನುವ ಅಳುಕಿರುವ ಮಗುವಿಗೆ ಕೆಂಪು ಗೆರೆ ಕಂಡರೆ ಬೈಗುಳವೇ. ಯಾಕೆ ತಿದ್ದಿದೆ ಅಂತ ಒಂದು ಸಾಲು ಬರೆದರೆ ಅದೇ ಗೆರೆ ಬೇರೆ ಥರ ಕಾಣುತ್ತದೆ. ನಿಮ್ಮ ಕ್ಲಾಸಿನಲ್ಲಿ ಅಂಥ ಅಳುಕಿರುವವರು ಎಷ್ಟು ಜನ ಅಂತ ನೀವೇ ಎಣಿಸಿ.

ನಿಮ್ಮ ಶಾಲೆಯ ಹತ್ತಿರದವರೇ ಒಬ್ಬರ ವಿಷಯ ಹೇಳದೆ ಇರಲಾಗದು. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಸ್ಟ್ರಾಗಿದ್ದವರು. ಕವಿ, ಸ್ವಾತಂತ್ರ್ಯ ಹೋರಾಟಗಾರ, ಕಾಸರಗೋಡು ಕನ್ನಡ ನಾಡಿಗೆ ಸೇರಬೇಕು ಅಂತ ಹೋರಾಡಿದವರು ಅನ್ನುವುದೆಲ್ಲ ಎಲ್ಲರಿಗೂ ಗೊತ್ತು. 1969ರಲ್ಲಿ ರಾಷ್ಟ್ರ ಮಟ್ಟದ ಅಧ್ಯಾಪಕ ಪ್ರಶಸ್ತಿಯೂ ಬಂತು. 1915ರಲ್ಲಿ ಹುಟ್ಟಿ, 2015ರಲ್ಲಿ ನೂರು ತುಂಬಿಸಿ ಹೋದರು. ನನಗೆ ಮುಖ್ಯ ಅನ್ನಿಸುವುದು ಒಂದು ಸಣ್ಣ ವಿವರ. 12ನೇ ವಯಸ್ಸಿನಲ್ಲೇ ಅವರು 'ಸುಶೀಲಾ' ಅಂತ ಕೈಬರಹದ ಪತ್ರಿಕೆ ಮಾಡಿದ್ದರು. ಬರೆಯುವುದು, ಹೊಲದಲ್ಲಿ ದುಡಿಯುವುದು, ಪಂಚಾಯತ್ ನಡೆಸುವುದು, ಪಾಠ ಹೇಳುವುದು ಎಲ್ಲ ಅವರಲ್ಲಿ ಒಟ್ಟಿಗೇ ಇತ್ತು. ಕ್ಲಾಸಿನಲ್ಲಿ ಪದ್ಯ ಓದುತ್ತಿದ್ದ ಮಾಸ್ಟ್ರು ಮನೆಗೆ ಹೋಗಿ ಪದ್ಯ ಬರೆಯುತ್ತಾರೆ ಅಂತ ಮಕ್ಕಳಿಗೆ ಗೊತ್ತಿತ್ತು. ಪು. ವೆಂಕಟರಾಜ ಪುಣಿಂಚತ್ತಾಯರೂ ಶಾಲೆಯ ಮಾಸ್ಟ್ರೇ. ತುಳು ಲಿಪಿಯ ತಾಳೆಗರಿ ಹುಡುಕಿ, ಓದಿ, 'ಶ್ರೀ ಭಾಗವತೊ' ಕಾವ್ಯವನ್ನು ಬೆಳಕಿಗೆ ತಂದವರು.

ನೀವು ಕವಿಯಾಗಬೇಕಿಲ್ಲ, ತಾಳೆಗರಿ ಓದಬೇಕಿಲ್ಲ. ಆದರೆ ತಾನು ಕಲಿಸುವ ವಿಷಯವನ್ನು ಟೀಚರ್ ಸ್ವತಃ ಬಳಸುವುದು ಮಕ್ಕಳ ಕಣ್ಣಿಗೆ ಬೀಳಬೇಕು. ಕೈಬರಹದ ಪತ್ರಿಕೆ ಅನ್ನುವುದು ನಮ್ಮ ಶಾಲೆಗಳಲ್ಲಿ ಈಗ ಒಂದು ಶಾಸ್ತ್ರ ಆಗಿಬಿಟ್ಟಿದೆ. ಕಾರ್ಯಕ್ರಮದ ದಿನ ಗಣ್ಯರು ಬಿಡುಗಡೆ ಮಾಡುತ್ತಾರೆ, ಮರುದಿನ ಕಪಾಟಿಗೆ. ಒಳಗಿನ ಬರಹ ಅರ್ಧ ಗೈಡಿನಿಂದ ಇಳಿಸಿದ್ದು. ನೀವು ಬೇರೆ ಥರ ಮಾಡಿ. ಹತ್ತು ಪುಟ ಸಾಕು. ಮನೆಯ ಅಜ್ಜಿ ಹೇಳಿದ ಕಥೆ, ತೋಟಕ್ಕೆ ಬಂದ ಹಂದಿ, ನೇಮದ ದಿನ ಏನಾಯಿತು, ಉರೂಸಿಗೆ ಹೋದದ್ದು, ಇಂಥದ್ದು. ನೀವೂ ಒಂದು ಪುಟ ಬರೆಯಿರಿ, ಅದನ್ನು ತಿದ್ದಲು ಮಕ್ಕಳಿಗೆ ಕೊಡಿ. ಟೀಚರ ಬರಹದಲ್ಲಿ ತಪ್ಪು ಹುಡುಕುವುದಕ್ಕೆ ಅವರು ತೋರಿಸುವ ಉತ್ಸಾಹ ನೋಡಿ ನೀವೇ ನಗುತ್ತೀರಿ.

ಮನೆಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾಸರಗೋಡಿನ ಕನ್ನಡ ಶಾಲೆ ಅಂದರೆ ಅದಕ್ಕೆ ಒಂದು ಹೋರಾಟದ ಭಾರ ಇದ್ದೇ ಇದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅನ್ನುವ ಸಂವಿಧಾನದ 350ಎ ವಿಧಿ ಬಂದದ್ದೂ ಅದೇ ವರ್ಷದ ತಿದ್ದುಪಡಿಯಲ್ಲಿ. ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಮಾಧ್ಯಮದ ಹುದ್ದೆಗೆ ಹಾಕಿದಾಗ ಮಕ್ಕಳೂ ಪೋಷಕರೂ ಬೀದಿಗೆ ಇಳಿದದ್ದು ಹಲವು ಸಲ ಆಗಿದೆ. ಆ ಸಿಟ್ಟು ನ್ಯಾಯವಾದದ್ದೇ. ಏಳನೇ ಕ್ಲಾಸಿನ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬೀಜಗಣಿತ ಹೇಳಿದರೆ ಅದು ಪಾಠವಾಗುವುದಿಲ್ಲ.

ಆದರೆ ಈ ಹೋರಾಟದ ನಡುವೆ ನಾವೂ ಒಂದು ಸಣ್ಣತನ ಮಾಡುತ್ತೇವೆ. ಕ್ಲಾಸಿನಲ್ಲಿ ತುಳು ಮಾತಾಡಿದರೆ, ಮಲಯಾಳ ಮಾತಾಡಿದರೆ ಗದರುತ್ತೇವೆ. ಕನ್ನಡ ಉಳಿಸಲು ಹೊರಟು ಮಗುವಿನ ಬಾಯಿ ಮುಚ್ಚಿಸುತ್ತೇವೆ. ನಮ್ಮ ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳ ಮನೆಮಾತು ಪುಸ್ತಕದ ಕನ್ನಡ ಅಲ್ಲವೇ ಅಲ್ಲ, ಅಲ್ವಾ? ಮನೆಮಾತಿಗೆ ಬಾಗಿಲು ತೆರೆದ ಟೀಚರನ್ನು ಮಕ್ಕಳು ಮರೆಯುವುದಿಲ್ಲ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಣ್ಣೂರು ಕಡೆಯಿಂದ ಬಂದ ಒಬ್ಬರು ಕೆಲಸಕ್ಕೆ ಸೇರುವಾಗ ಕನ್ನಡದಲ್ಲಿ ನಾಲ್ಕು ಮಾತು ಬರುತ್ತಿರಲಿಲ್ಲ. ಅವರು ಕಲಿಸುತ್ತಿದ್ದದ್ದು ಡ್ರಿಲ್, ಹಾಗಾಗಿ ಹೇಗೋ ನಡೆಯಿತು ಅನ್ನಿ. ಆದರೆ ಊಟದ ಬಿಡುವಿನಲ್ಲಿ ಸ್ಲೇಟು ಹಿಡಿದು ಎರಡನೇ ಕ್ಲಾಸಿನ ಮಕ್ಕಳ ಪಕ್ಕ ಕೂತು ಅ ಆ ಇ ಈ ಬರೆದರು. ಮಕ್ಕಳು ಅವರ ಕಿವಿ ಹಿಂಡುವುದೊಂದು ಬಾಕಿ! ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ, 'ನಮ್ಮ ಮಾಷ್' (ಮಲಯಾಳದಲ್ಲಿ ಮಾಸ್ಟ್ರು) ಅಂತ ಈಗಲೂ ಅವರ ಹೆಸರು ಹೇಳುತ್ತಾರೆ. ಕನ್ನಡ ಹುಟ್ಟಿನಿಂದ ಬಂದಿದ್ದರೂ ಆ ಶಾಲೆಯಲ್ಲಿ ಹೆಸರು ಉಳಿಯದವರು ಬೇಕಾದಷ್ಟು ಜನ.

ಮೇ ತಿಂಗಳ ಮನೆ ಭೇಟಿಯನ್ನೂ ಸರಿಯಾಗಿ ಬಳಸಿಕೊಳ್ಳಿ. ಜೂನ್‌ನಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನದ ತಲೆ ಎಣಿಕೆಯಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ. ಆ ಹೆದರಿಕೆಗೆ ನಾವೆಲ್ಲ ಬಿಸಿಲಿನಲ್ಲಿ ಗುಡ್ಡೆ ಹತ್ತಿ ಇಳಿದು ಮನೆ ಮನೆಗೆ ಹೋಗುತ್ತೇವೆ. ಹೇಗೂ ಹೋಗುತ್ತೀರಲ್ಲ, ಬರೀ ಅಡ್ಮಿಷನ್ ಕೇಳಿ ಬರಬೇಡಿ. ಈ ಮಗು ಮನೆಯಲ್ಲಿ ಯಾವ ಕೆಲಸ ಮಾಡುತ್ತದೆ, ಯಾರ ಹತ್ತಿರ ಜಾಸ್ತಿ ಮಾತಾಡುತ್ತದೆ, ಈ ಎರಡನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ತಂಡ ದಶಕಗಟ್ಟಲೆ ಹಿಂಬಾಲಿಸಿದ್ದರು. ಬಡತನ, ಜಗಳ, ಕುಡಿತ ತುಂಬಿದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅವರಲ್ಲಿ ಹಲವರು ಮನೆಯ ಹೊರಗೆ ತಮಗೆ ಆಸರೆಯಾದವರು ಅಂತ ಹೇಳಿದ್ದು ಇಷ್ಟದ ಟೀಚರೊಬ್ಬರ ಹೆಸರನ್ನು. ಒಬ್ಬೊಬ್ಬ ಮಗುವಿಗೂ ನೀವೇ ಆ ಟೀಚರ್ ಆಗಲು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಸ್ಟಾಫ್ ರೂಮಿನಲ್ಲಿ ಬೇರೆಯವರೂ ಇದ್ದಾರೆ. ವರ್ಷಕ್ಕೆ ನಾಲ್ಕೈದು ಮಕ್ಕಳನ್ನು ಮನಸ್ಸಿನಲ್ಲಿಟ್ಟು ನೋಡಿದರೂ ದೊಡ್ಡ ಕೆಲಸ. ಯಾರನ್ನು ಅಂತ ಮಾತ್ರ ಹೊರಗೆ ತೋರಿಸಿಕೊಳ್ಳಬೇಡಿ.

ಇನ್ನು ಆ ಮಾತಾಡದ ಹುಡುಗ. ಮೊದಲು ಕಿವಿ ಮತ್ತು ಕಣ್ಣು ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಮೊದ್ದು ಅಂತ ಹಿಂದಿನ ಬೆಂಚಿಗೆ ಹಾಕಿದ ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಬಿ.ಆರ್.ಸಿ.ಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ವಿಶೇಷ ಶಿಕ್ಷಕರು ಇರುತ್ತಾರೆ, ಹೆಡ್‌ಮಾಸ್ಟ್ರ ಮೂಲಕ ಅವರಿಗೆ ಹೇಳಿ. ಮನೆಗೆ ಹೋಗಿ ಅಲ್ಲಿ ಮಾತಾಡುತ್ತಾನಾ ಅಂತ ಕೇಳಿ. ಮನೆಯಲ್ಲಿ ಮಾತಾಡಿ, ಶಾಲೆಯಲ್ಲಿ ಮಾತ್ರ ಸುಮ್ಮನಿದ್ದರೆ 'ಮಾತಾಡು, ಮಾತಾಡು' ಅಂತ ಎಲ್ಲರ ಮುಂದೆ ಒತ್ತಾಯ ಮಾಡಬೇಡಿ, ಇನ್ನಷ್ಟು ಮುದುಡಿಕೊಳ್ಳುತ್ತಾನೆ. ಬಾಯಿ ಬೇಡದ ಒಂದು ಕೆಲಸ ಕೊಡಿ: ಹಾಜರಿ ಪುಸ್ತಕ ಆಫೀಸಿಗೆ ಮುಟ್ಟಿಸುವುದು, ಮಳೆ ಅಳೆದು ಬೋರ್ಡಿನಲ್ಲಿ ಬರೆಯುವುದು. ಮಾಡಿದ್ದನ್ನು ನೋಡಿ, ತಪ್ಪಿದ್ದರೆ ತಪ್ಪು ಅಂತಲೇ ಹೇಳಿ, ಮರುದಿನವೂ ಅವನಿಗೇ ಕೊಡಿ. ಪಕ್ಕದಲ್ಲಿ ಅವನ ಮನೆಮಾತಿನ ಮಗುವನ್ನು ಕೂರಿಸಿ. ಓಣಂ ರಜೆಗೆ ಮುಂಚಿನ ಮೊದಲ ಪರೀಕ್ಷೆಯ ಹೊತ್ತಿಗೂ ಮನೆಯಲ್ಲಿ ಒಂದು ಥರ, ಶಾಲೆಯಲ್ಲಿ ಒಂದು ಥರ ಇದ್ದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳಿ. ಹಾಗೆ ಹೇಳುವಾಗ ಅಮ್ಮನೊಬ್ಬಳನ್ನೇ ಶಾಲೆಗೆ ಕರೆಸಬೇಡಿ. ನೀವೇ ಹೋಗಿ, ಅಪ್ಪನೂ ಇರುವ ಹೊತ್ತು ನೋಡಿಕೊಂಡು.